ಬಸ್ತಿಹಳ್ಳಿಯ ಲಕ್ಕಮ್ಮ ಎಂಬುವವರು

ಮಾನ್ಯರೇ ಎಂದು ಶುರು ಮಾಡಬೇಕೋ, ಸಾಹೇಬರೇ ಎನ್ನಬೇಕೋ ಎಂಬುದೊಂದು ಇನ್ನೂ ತೀರ್ಮಾನವಾಗಿರಲಿಲ್ಲ. ಮಿಕ್ಕಿದ್ದೆಲ್ಲ ಸಿದ್ಧಾರ್ಥನ ಬಾಯಲ್ಲಿ ತಯಾರಾಗಿ ಕೂತಿತ್ತು. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಹಳೇಬೀಡಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗಿನಿಂದ ಆ ಮಾತನ್ನು ನಾಲಗೆಯ ಮೇಲೆ ಹೊರಳಿಸುತ್ತಲೇ ಇದ್ದ. ಮೊದಲು ಹೊಗಳಿಕೆ, ಧಾರಾಳವಾಗಿ, ಪಾಠ ಮಾಡುವ ಕನ್ನಡದಲ್ಲಿ, ಜನ ತಲೆದೂಗುವ ಹಾಗೆ. ಆಮೇಲೆ ಸ್ವಲ್ಪ ನಿಲ್ಲಿಸಿ, ಲೋಟದ ನೀರು ಕುಡಿದು, ಮೆತ್ತಗೆ ಒಂದೇ ಪ್ರಶ್ನೆ: ನಮ್ಮ ತಾಯಿಯ ಹೆಸರನ್ನು ಲೋಕಸಭೆಯಲ್ಲಿ ಎತ್ತುವ ಮುಂಚೆ ಅವರನ್ನು ಒಂದು ಮಾತು ಕೇಳಿದಿರಾ? ಇದಕ್ಕೆ ಉತ್ತರವಿಲ್ಲವೆಂದು ಅವನಿಗೆ ಗೊತ್ತಿತ್ತು. ದೊಡ್ಡವರು ಯಾವ ಕಾಲಕ್ಕೆ ಬಡವರನ್ನು ಕೇಳಿ ಅವರ ಹೆಸರು ಹೇಳಿದ್ದಾರೆ? ಜಯದೇವಪ್ಪ, ಈ ಸೀಮೆಯ ಎಂ.ಪಿ., ಎರಡು ಸಲ ಗೆದ್ದ ಮನುಷ್ಯ, ಹೆಗಲ ಮೇಲೆ ಸನ್ಮಾನದ ಶಾಲು ಹೊದೆಸಿಕೊಂಡು ಕೂತಿರುವಾಗಲೇ ಬಾಯಿ ಬಿಡಲಾರದೆ ತಲೆ ತಗ್ಗಿಸಬೇಕು. ಅಷ್ಟೇ ಸಾಕು. ಹೊಡೆಯುವುದು ಬಡಿಯುವುದು ಏನೂ ಬೇಡ. ತಾನು ಈ ಎರಡು ತಿಂಗಳು ತಗ್ಗಿಸಿಕೊಂಡು ಓಡಾಡಿದ ತಲೆಯ ಭಾರ ಎಷ್ಟೆಂದು ಆ ಮನುಷ್ಯನಿಗೂ ಒಂದು ಗಳಿಗೆ ತಿಳಿಯಲಿ. ಪಕ್ಕದ ಸೀಟಿನವನು ತನ್ನ ಕಾಲ ಬಳಿ ಇಟ್ಟುಕೊಂಡಿದ್ದ ಕೋಳಿ ಬುಟ್ಟಿಯನ್ನು ಇತ್ತ ತಳ್ಳಿ, ಸಾರ್ ಸ್ವಲ್ಪ ಕಾಲು, ಎಂದ. ಸಿದ್ಧಾರ್ಥ ಕಾಲು ಎಳೆದುಕೊಂಡ.

ಲೋಕಸಭೆಯಲ್ಲಿ ಜಯದೇವಪ್ಪ ಎದ್ದು ನಿಂತು ಕನ್ನಡದಲ್ಲೇ ಮಾತಾಡಿದ್ದರಂತೆ. ಹಳೇಬೀಡಿನ ಗುಡಿಯ ಸುತ್ತ, ಬಸ್ತಿಹಳ್ಳಿಯ ಬಸದಿಗಳ ಸುತ್ತ, ಇಷ್ಟು ದೂರದೊಳಗೆ ಮಣ್ಣು ಅಗೆಯಬಾರದು, ಗೋಡೆ ಎತ್ತಬಾರದು ಎಂದು ಕಾನೂನು ಮಾಡಿದ್ದೀರಿ, ಸರಿ. ಕಲ್ಲಿನ ಮೂರ್ತಿಗೆ ಇಷ್ಟು ಮರ್ಯಾದೆ ಕೊಡುವ ಸರ್ಕಾರ ಅದರ ಬೆನ್ನಿಗೇ ಬದುಕುವ ಹೆಂಗಸರಿಗೆ ಒಂದು ಕಕ್ಕಸು ಕಟ್ಟಿಕೊಳ್ಳಲು ಯಾಕೆ ಬಿಡುವುದಿಲ್ಲ ಎಂದು ಕೇಳಿದ್ದರಂತೆ. ಅಲ್ಲಿಗೆ ನಿಲ್ಲಿಸಿದ್ದರೆ ಸಿದ್ಧಾರ್ಥನೇ ಎದ್ದು ಚಪ್ಪಾಳೆ ಹೊಡೆಯುತ್ತಿದ್ದ. ಆದರೆ ಆ ಮನುಷ್ಯನಿಗೊಂದು ರೂಢಿ. ಅಧಿವೇಶನಕ್ಕೆ ಮುಂಚೆ ಹಳ್ಳಿ ಹಳ್ಳಿ ತಿರುಗಿ, ಯಾರದೋ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಪ್ರತಿ ಭಾಷಣಕ್ಕೂ ಒಬ್ಬರ ಹೆಸರು ಹಿಡಿದುಕೊಂಡು ಹೋಗುವುದು. ಹೆಸರಿಲ್ಲದ ಕಷ್ಟ ದಿಲ್ಲಿಯವರ ಕಿವಿಗೆ ಬೀಳುವುದಿಲ್ಲ ಎಂದು ಸಭೆ ಸಭೆಯಲ್ಲೂ ಹೇಳಿಕೊಳ್ಳುವುದು. ಕೊಬ್ಬರಿ ಬೆಲೆ ಬಿದ್ದಾಗ ಗೆಂಡೆಹಳ್ಳಿಯ ಸಿದ್ದಬಸಪ್ಪನ ಹೆಸರು ಹೇಳಿದ್ದರು. ಆತ ಇವತ್ತಿಗೂ ಆ ಪೇಪರಿನ ತುಂಡಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿಕೊಂಡಿದ್ದಾನೆ. ಸಿದ್ದಬಸಪ್ಪನಿಗೇನು, ಕೊಬ್ಬರಿ ಬೆಲೆಯಲ್ಲಿ ಎಂಥ ನಾಚಿಕೆ? ಈ ಸಲ ಲಕ್ಕಮ್ಮ. ಪೇಪರಿನವರು ಆ ಭಾಗವನ್ನೇ ಎತ್ತಿ ಬಾಕ್ಸ್ ಕಟ್ಟಿ ಹಾಕಿದ್ದರು. ಬಸ್ತಿಹಳ್ಳಿಯ ಹಿಂದಿನ ಮನೆ ಸಾಲಿನಲ್ಲಿ ಲಕ್ಕಮ್ಮ ಎಂಬುವವರಿದ್ದಾರೆ, ಪರಿಶಿಷ್ಟ ಜಾತಿಯ ವಿಧವೆ, ಪ್ರವಾಸಿಗರ ಬಸ್ಸು ಬರುವುದರೊಳಗೆ ಚೊಂಬು ಹಿಡಿದು ಕೆರೆ ಕಡೆ ಹೋಗಿ ಬರಬೇಕು, ತಡವಾದರೆ ಕತ್ತಲಾಗುವ ತನಕ ಹೊಟ್ಟೆ ಹಿಡಿದುಕೊಂಡು ಕೂರಬೇಕು, ಅವರ ಮಗ ಸಿದ್ಧಾರ್ಥ ಅರಸೀಕೆರೆಯ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ.

ಆ ಕೊನೆಯ ಮಾತು ಯಾಕೆ ಬೇಕಿತ್ತು? ಈ ಎರಡು ತಿಂಗಳಲ್ಲಿ ಅವನು ಅದನ್ನು ಎಷ್ಟು ಸಲ ಕೇಳಿಕೊಂಡಿದ್ದನೋ. ಚೊಂಬಿನ ವಿಷಯಕ್ಕೂ ಉಪನ್ಯಾಸಕನಿಗೂ ಏನು ಸಂಬಂಧ? ಮಗ ಸಂಬಳ ಎಣಿಸುತ್ತಿದ್ದಾನೆ, ತಾಯಿ ಬಯಲಿಗೆ ಹೋಗುತ್ತಾಳೆ ನೋಡಿ ಎಂದು ದೇಶಕ್ಕೆಲ್ಲ ಕೈ ತೋರಿಸಿದ ಹಾಗಾಗಲಿಲ್ಲವೇ? ಆ ಪೇಪರನ್ನು ಸ್ಟಾಫ್ ರೂಮಿಗೆ ತಂದವರು ಗೋಪಾಲಸ್ವಾಮಿ, ಇಂಗ್ಲಿಷ್ ಪಾಠ ಮಾಡುವವರು, ಬೇಲೂರಿನ ದೇವಸ್ಥಾನದ ಕಡೆಯ ಮನೆತನ. ಮಡಿಸಿದ ಪೇಪರನ್ನು ಅವನ ಮುಂದಿಟ್ಟು, ಅಲ್ಲಿ ನಮ್ಮ ಊರ ಕಡೆಯ ವಿಷಯ ಬಂದಿದೆ, ದೊಡ್ಡ ಸಂಗತಿ ಎಂದರು. ಕೇಡಿನ ಮನುಷ್ಯರಲ್ಲ ಅವರು. ತೊಂದರೆ ಬಂದದ್ದೇ ಅಲ್ಲಿ. ಅಲ್ಲಿಯವರೆಗೆ, ಏನೋ ಸಿದ್ಧಾರ್ಥ, ಕಾಫಿಗೆ ಬರ್ತೀಯೇನೋ ಎಂದು ಹೆಗಲ ಮೇಲೆ ಕೈ ಹಾಕುತ್ತಿದ್ದವರು ಮಾರನೆಯ ದಿನದಿಂದ ಬನ್ನಿ ಕೂತ್ಕೊಳ್ಳಿ ಎನ್ನತೊಡಗಿದರು. ಕುರ್ಚಿ ಎಳೆದು ಕೊಟ್ಟರು. ಮೀಟಿಂಗಿನಲ್ಲಿ ಹಿಂದುಳಿದ ಹುಡುಗರ ವಿದ್ಯಾರ್ಥಿವೇತನದ ಮಾತು ಬಂದಾಗ ಎಲ್ಲರೂ ಒಟ್ಟಿಗೆ ಅವನ ಕಡೆ ತಿರುಗಿದರು. ಆ ಗೌರವ ಅವನ ಮೈಮೇಲೆ ತುರಿಕೆ ಸೊಪ್ಪು ಉಜ್ಜಿದ ಹಾಗಿತ್ತು. ಪರಚಿಕೊಂಡರೂ ಕಷ್ಟ, ಬಿಟ್ಟರೂ ಕಷ್ಟ. ಒಬ್ಬನಾದರೂ ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದ. ಯಾರೂ ಬೈಯಲಿಲ್ಲ.

ಜಾವಗಲ್ಲಿನಲ್ಲಿ ಬಸ್ಸು ನಿಂತಿತು. ಡ್ರೈವರ್ ಇಳಿದು ಟೀ ಕುಡಿಯಲು ಹೋದ. ಮನೆಯೊಡತಿ ಸುಮಿತ್ರಮ್ಮ ಮಾತ್ರ ನೇರವಾಗಿ ಕೇಳಿದ್ದಳು. ಅರಸೀಕೆರೆಯಲ್ಲಿ ಅವಳ ಮನೆಯ ಮಹಡಿಯ ಮೇಲೆ ಅವನೂ ಹೆಂಡತಿ ಮಂಜುಳಾಳೂ ಬಾಡಿಗೆಗಿದ್ದರು. ಮನೆ ಕೇಳಲು ಹೋದ ದಿನ ಸುಮಿತ್ರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಊರು ಯಾವುದು ಎಂದಳು. ಹಳೇಬೀಡು, ಬಸ್ತಿಹಳ್ಳಿ ಎಂದ. ಹೆಸರು? ಸಿದ್ಧಾರ್ಥ. ಅವಳ ಮುಖ ಅರಳಿತು. ಬಸದಿ ಪಕ್ಕದವರು ಅಂದರೆ ಜೈನರಾ ಎಂದು ತಾನೇ ಕೇಳಿ ತಾನೇ ತಲೆಯಾಡಿಸಿದಳು. ಅವನ ಅಪ್ಪ ತಮ್ಮಯ್ಯ ಬೌದ್ಧ ದೀಕ್ಷೆ ತಗೊಂಡು, ಹುಟ್ಟಿದ ಮಗನನ್ನು ಎತ್ತಿಕೊಂಡು ಓಣಿಯಲ್ಲೆಲ್ಲ ಕೂಗಿ ಹೇಳಿದ ಹೆಸರು ಅದು. ಆ ಹೆಸರು ಹೊತ್ತು ಸಿದ್ಧಾರ್ಥ ಸುಮಿತ್ರಮ್ಮನ ಎದುರಿಗೆ ಸುಮ್ಮನೆ ನಕ್ಕ. ಹೌದು ಅನ್ನಲಿಲ್ಲವಲ್ಲ! ಸುಳ್ಳು ಹೇಳಲಿಲ್ಲವಲ್ಲ! ಅಲ್ಲಿಂದ ನಾಲ್ಕು ವರ್ಷ ಆ ಮಹಡಿಯ ಮೇಲೆ ಒಂದು ಮೊಟ್ಟೆ ಒಡೆಯಲಿಲ್ಲ. ಮಂಜುಳಾ ತವರಿಗೆ ಹೋದಾಗ ಬೇಕಾದ್ದು ತಿಂದು ಬರುತ್ತಿದ್ದಳು. ಚತುರ್ದಶಿಗೆ ಸುಮಿತ್ರಮ್ಮ, ನಿಮ್ಮಲ್ಲಿ ಉಪವಾಸ ಅಲ್ವಾ ಎಂದು ಬಾಳೆಹಣ್ಣು ಕಳಿಸುತ್ತಿದ್ದಳು. ಆ ಹಣ್ಣು ತಿಂದು ಅವರು ನಿಜವಾಗಿಯೂ ಉಪವಾಸವಿದ್ದ ದಿನಗಳೂ ಇದ್ದವು. ಥೂ, ನೆನೆಸಿಕೊಂಡರೆ ತನ್ನ ಮೇಲೇ ತನಗೆ ಹೇಸಿಗೆ.

ಒಂದು ಸಲ ಅವ್ವ ಹೇಳದೆ ಕೇಳದೆ ಬಂದುಬಿಟ್ಟಿದ್ದಳು. ಭಾನುವಾರ. ತಲೆಯ ಮೇಲೆ ಒಂದು ಮೂಟೆ ತೆಂಗಿನಕಾಯಿ, ಸೊಂಟದಲ್ಲಿ ಎಲೆ ಅಡಿಕೆ ಚೀಲ, ಬರಿಗಾಲು. ಗೇಟಿನ ಹತ್ತಿರ ನಿಂತು ಸಿದ್ದಣ್ಣ, ಲೇ ಸಿದ್ದಣ್ಣ ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಅವನು ಮೆಟ್ಟಿಲಿಳಿದು ಬರುವುದರೊಳಗೆ ಸುಮಿತ್ರಮ್ಮ ಬಾಗಿಲಿಗೆ ಬಂದಿದ್ದಳು. ಯಾರಿದು ಎಂದಳು. ಅವ್ವ ಆಗ ನಲ್ಲಿಯ ಹತ್ತಿರ ಬಗ್ಗಿ ಕಾಲು ತೊಳೆಯುತ್ತಿದ್ದಳು. ನೀರು ಜೋರಾಗಿ ಬೀಳುತ್ತಿತ್ತು. ಊರಿನ ಕಡೆಯೋರು, ಕಾಯಿ ತಂದುಕೊಟ್ಟು ಹೋಗ್ತಾರೆ ಎಂದ. ಎಷ್ಟು ಸಲೀಸಾಗಿ ಬಂತು ಆ ಮಾತು, ತಡವರಿಸಲೂ ಇಲ್ಲ. ಪಾಪ, ಬಿಸಿಲಲ್ಲಿ ಬಂದವ್ರೆ ಎಂದು ಸುಮಿತ್ರಮ್ಮ ಮುತ್ತುಗದ ಎಲೆಯಲ್ಲಿ ಉಪ್ಪಿಟ್ಟು ತಂದು ಹೊರಗಿನ ಚಪ್ಪಡಿಯ ಮೇಲಿಟ್ಟಳು. ಅವ್ವ ಅಲ್ಲೇ ಕೂತು ತಿಂದಳು. ತಿಂದ ಮೇಲೆ ಎಲೆ ಎತ್ತಿ, ಯಾರೂ ಹೇಳದೆ, ಕೂತಿದ್ದ ಜಾಗಕ್ಕೆ ನೀರು ಹಾಕಿ ತೊಳೆದಳು. ಮೆಟ್ಟಿಲ ಮೇಲೆ ನಿಂತು ಸಿದ್ಧಾರ್ಥ ಅದನ್ನು ನೋಡುತ್ತಿದ್ದ. ನಲ್ಲಿಯ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಿಕ್ಕಿಲ್ಲ ಎಂದು ಅವತ್ತೂ ಅಂದುಕೊಂಡ, ಆಮೇಲೂ ಅಂದುಕೊಂಡ. ಕೇಳಿಸಿದ್ದರೆ ಏನಾದರೂ ಅನ್ನುತ್ತಿದ್ದಳಲ್ಲ. ಬಸ್ಸಿಗೆ ಹೊತ್ತಾಯಿತು, ಬತ್ತೀನಿ ಕಣಪ್ಪ ಎಂದು ಮೇಲೆ ಹತ್ತದೆಯೇ ಹೊರಟುಹೋಗಿದ್ದಳು. ಮತ್ತೆ ಬರಲೇ ಇಲ್ಲ. ಬಾ ಎಂದು ಇವನೂ ಕರೆಯಲಿಲ್ಲ. ಅಲ್ಲಿ ಕಕ್ಕಸು ಕಟ್ಟಲು ಕಾನೂನು ಬಿಡುವುದಿಲ್ಲ, ಇಲ್ಲಿಗೆ ಬಾ ಅನ್ನಲು ತನಗೆ ಆಗುವುದಿಲ್ಲ. ಕಾನೂನಾದರೂ ಬರೆದಿಟ್ಟದ್ದು, ಬದಲಾದೀತು.

ಪೇಪರು ಬಂದ ವಾರದಲ್ಲಿ ಸುಮಿತ್ರಮ್ಮ ಕೆಳಗೆ ಕರೆದಳು. ನಮ್ಮಣ್ಣನ ಮಗ ಶಿವಮೊಗ್ಗದಿಂದ ಬರ್ತಾನಪ್ಪ, ಮಹಡಿ ಬೇಕು, ನಿಮ್ಮ ಮೇಲೆ ನನಗೇನೂ ಬೇಜಾರಿಲ್ಲ ಎಂದಳು. ಅವನು ಸರಿ ಎಂದು ಹೊರಟಾಗ ಹಿಂದಿನಿಂದ ಮೆತ್ತಗೆ ಕೇಳಿದಳು: "ಅವತ್ತು ಕಾಯಿ ತಂದಿದ್ರಲ್ಲ, ಅವರೇನಾ ಲಕ್ಕಮ್ಮ?"

ಅವನು ಹೌದು ಎಂದ. ಅಯ್ಯೋ, ಹೇಳಬಾರದಿತ್ತಾ, ಒಳಗೇ ಕರೀತಿದ್ನಲ್ಲ ಎಂದಳು ಆ ಪುಣ್ಯಾತ್ಗಿತ್ತಿ. ಅವತ್ತು ಮಹಡಿಯ ಮೆಟ್ಟಿಲು ಹತ್ತುವಾಗ ಅವನ ಒಳಗೆ ಹತ್ತಿಕೊಂಡ ಬೆಂಕಿ ಸುಮಿತ್ರಮ್ಮನ ಕಡೆ ತಿರುಗಲಿಲ್ಲ, ಅದು ಸೋಜಿಗ. ನೇರವಾಗಿ ಜಯದೇವಪ್ಪನ ಕಡೆ ಹೋಯಿತು. ನನ್ನ ಸಂಸಾರದ ಮೇಲಿದ್ದ ಹೊದಿಕೆ ಎಳೆಯಲು ನೀನು ಯಾರಯ್ಯ? ನಿನಗೆ ಮಾತಿಗೆ ಒಂದು ಹೆಸರು ಬೇಕಿತ್ತು, ಪೇಪರಿಗೆ ಒಂದು ಬಾಕ್ಸ್ ಬೇಕಿತ್ತು. ನಾನು ನಾಲ್ಕು ವರ್ಷ ಮೊಟ್ಟೆ ಬಿಟ್ಟು ಕಟ್ಟಿಕೊಂಡ ಮರ್ಯಾದೆಯನ್ನು ನೀನು ಒಂದು ಉಸಿರಿನಲ್ಲಿ ಹರಾಜು ಹಾಕಿದೆ. ಇರು, ನಿನಗೂ ಒಂದು ದಿನ ಬರುತ್ತದೆ ಎಂದು ಹಲ್ಲು ಕಡಿದ. ಆ ದಿನ ತಾನಾಗಿಯೇ ನಡೆದು ಬಂತು. ದಿಲ್ಲಿಯಿಂದ ಒಪ್ಪಿಗೆ ಬಂದು, ಹಿಂದಿನ ಸಾಲಿನವರು ಕಕ್ಕಸು ಕಟ್ಟಿಕೊಳ್ಳಬಹುದೆಂದಾದಾಗ, ಹಳೇಬೀಡಿನ ಉಗ್ರಪ್ಪ, ಪಂಚಾಯ್ತಿ ಅಧ್ಯಕ್ಷ, ಎಂ.ಪಿ. ಸಾಹೇಬರಿಗೆ ಸನ್ಮಾನ ಇಟ್ಟುಕೊಂಡ. ಅಭಿನಂದನಾ ನುಡಿಯನ್ನು ನೀವೇ ಆಡಬೇಕು ಮೇಷ್ಟ್ರೇ, ಮಗನ ಬಾಯಲ್ಲೇ ಬಂದರೆ ಅದರ ತೂಕವೇ ಬೇರೆ ಎಂದು ಕಾಲೇಜಿನ ತನಕ ಬಂದು ಕೇಳಿದ. ಸಿದ್ಧಾರ್ಥ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡ. ಮನೆ ಖಾಲಿ ಮಾಡಲು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ ಮಂಜುಳಾಗೆ ಅವನು ಏನು ಮಾಡಲು ಹೊರಟಿದ್ದಾನೆಂದು ಗೊತ್ತಾಗಿ, ಅವರು ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತು ಎಂದಳು. ನಿಜ ಅಂತ ಕೇಳದೆ ಹೇಳಬಹುದೇ ಎಂದು ಇವನು ರೇಗಿದ. ಮಂಜುಳಾ ಚೀಲದ ಬಾಯಿ ಕಟ್ಟುತ್ತಾ, ನೀವು ಅತ್ತೇನ ಕೇಳಿದ್ರಾ ಎಂದಳು. ಏನು ಕೇಳುವುದು? ಕೇಳುವುದೇನಿದೆ? ಪೇಪರು ಬಂದಾಗಿನಿಂದ ಅವನು ಬಸ್ತಿಹಳ್ಳಿಗೆ ಕಾಲಿಟ್ಟಿರಲಿಲ್ಲ. ಅವ್ವ ಯಾರ ಮುಖ ನೋಡಲಾರದೆ ಮೂಲೆ ಸೇರಿರುತ್ತಾಳೆ, ಅವಳೆದುರು ಹೋಗಿ ನಿಂತರೆ ಗಾಯ ಕೆದಕಿದ ಹಾಗೆ ಎಂದುಕೊಂಡು ತಪ್ಪಿಸಿಕೊಂಡಿದ್ದ.

ಹಳೇಬೀಡಿನಲ್ಲಿ ಇಳಿದು ಸ್ಕೂಲ್ ಮೈದಾನದ ಕಡೆ ನಡೆದ. ಗುಡಿಯ ಮುಂದೆ ಪ್ರವಾಸಿಗರ ಬಸ್ಸುಗಳು ಸಾಲಾಗಿ ನಿಂತಿದ್ದವು. ಚಿಕ್ಕವನಿದ್ದಾಗ ಈ ಬಸ್ಸುಗಳ ಸದ್ದಿಗೆ ಕಿವಿಗೊಟ್ಟು ಅವನು ಕೆರೆ ಏರಿಯ ಮೇಲೆ ಕಾವಲು ನಿಲ್ಲುತ್ತಿದ್ದ. ಏರಿಯ ಕೆಳಗೆ ಹಿಂದಿನ ಸಾಲಿನ ಹೆಂಗಸರು. ಹಾರನ್ ಕೇಳಿದ ಕೂಡಲೆ ಅವನು ಕೈಬಡಿಯಬೇಕು, ಅವರು ಎದ್ದು ಸೆರಗು ಸರಿಮಾಡಿಕೊಂಡು ಹುಲ್ಲು ಕೊಯ್ಯುವವರಂತೆ ನಟಿಸಬೇಕು. ಒಂದು ದಿನ ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡ ಒಬ್ಬ ಬಸ್ಸಿಗೆ ಮುಂಚೆಯೇ ನಡೆದು ಬಂದು ಏರಿಯ ಮೇಲೆ ನಿಂತುಬಿಟ್ಟ. ಇವನು ಕೈಬಡಿಯುವುದು ಬಿಟ್ಟು ಆ ಕ್ಯಾಮೆರಾವನ್ನೇ ಬಾಯಿಬಿಟ್ಟು ನೋಡುತ್ತಾ ನಿಂತ. ಅವ್ವ ಅವತ್ತು ಬೈಯಲಿಲ್ಲ. ಎರಡು ದಿನ ಬಿಟ್ಟು, ಇವನು ಓರಗೆಯವರ ಜೊತೆ ಜಗಲಿಯಲ್ಲಿ ಆಡುತ್ತಿದ್ದಾಗ ಬಂದು, ಎಲ್ಲರ ಎದುರಿಗೆ ಕಿವಿ ಹಿಂಡಿ ಕಣ್ಣಲ್ಲಿ ನೀರು ಬರಿಸಿದ್ದಳು. ಅದಕ್ಕೆ ಇದು ಎಂದು ಹೇಳಿಯೂ ಇರಲಿಲ್ಲ.

ಶಾಮಿಯಾನದ ಕೆಳಗೆ ಜನ ಸೇರಿದ್ದರು. ಅವ್ವ ಮೂಲೆ ಸೇರಿರಲಿಲ್ಲ. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಹಸಿರು ಸೀರೆ ಉಟ್ಟು, ಕಾಲು ಮೇಲೆತ್ತಿ ಮಡಿಸಿಕೊಂಡು ಕೂತಿದ್ದಳು. ಪಕ್ಕದವಳ ಹತ್ತಿರ ಸುಣ್ಣ ಈಸಿಕೊಂಡು ಎಲೆಗೆ ಹಚ್ಚುತ್ತಿದ್ದಳು. ಇವನನ್ನು ಕಂಡು, ಬಂದೇನಪ್ಪ ಎಂದಳು ಅಷ್ಟೇ. ಮುಂದೆ ಮಾತಿಗೆ ಅವಕಾಶವಾಗಲಿಲ್ಲ. ಉಗ್ರಪ್ಪ ಅವನ ತೋಳು ಹಿಡಿದು ವೇದಿಕೆಗೆ ಹತ್ತಿಸಿದ. ಸ್ವಲ್ಪ ಹೊತ್ತಿಗೆ ಜಯದೇವಪ್ಪನ ಜೀಪು ಬಂತು. ಮುದುಕ. ಇಷ್ಟು ಮುದುಕನೆಂದು ಸಿದ್ಧಾರ್ಥ ಅಂದುಕೊಂಡಿರಲಿಲ್ಲ. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡು ಹತ್ತಿದರು. ವೇದಿಕೆಯ ಮೇಲಿಂದಲೇ ಲಕ್ಕಮ್ಮನ ಕಡೆ ಕೈಮುಗಿದರು. ಅವ್ವ ಎಲೆ ಅಗಿಯುತ್ತಲೇ ತಲೆಯಾಡಿಸಿದಳು. ಜಯದೇವಪ್ಪ ಇವನ ಪಕ್ಕದ ಕುರ್ಚಿಯಲ್ಲಿ ಕೂತು, ನೀವೇನಾ ಸಿದ್ಧಾರ್ಥ ಎಂದು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಏನೋ ಹೇಳಲು ಹೋಗಿ ಬಿಟ್ಟರು. ನಾಟಕ ಆಡುತ್ತಿದ್ದಾನೆ ಮುದುಕ ಎಂದುಕೊಂಡ ಸಿದ್ಧಾರ್ಥ. ಕರುಣೆ ಬರಬಾರದು, ಬಂದರೆ ಕೆಟ್ಟೆ. ಮಂಡಿನೋವು ಯಾರಿಗಿಲ್ಲ? ಅವ್ವನಿಗೂ ಇದೆ, ಏರಿ ಇಳಿದು ಹತ್ತಿ ಬಂದದ್ದು.

ಅವನ ಸರದಿ ಬಂತು. ಉಗ್ರಪ್ಪ ಕೈ ಮೈಕು ಕೊಟ್ಟ. ಮಾನ್ಯರೇ ಎಂದೇ ಶುರುವಾಯಿತು. ಹೊಗಳಿಕೆ ಅವನು ಎಣಿಸಿದ್ದಕ್ಕಿಂತ ಚೆನ್ನಾಗಿ ಬಂತು. ಹೊಯ್ಸಳರ ಕಲ್ಲು, ಕಲ್ಲಿಗಿಂತ ಗಟ್ಟಿಯಾದ ಜನ, ಆ ಜನರ ದನಿಯನ್ನು ದಿಲ್ಲಿಗೆ ಹೊತ್ತವರು. ಚಪ್ಪಾಳೆ ಬಿತ್ತು. ಮರಕ್ಕೆ ಕಟ್ಟಿದ್ದ ಸ್ಪೀಕರಿನಿಂದ ಅವನ ದನಿ ಅವನಿಗೇ ತಿರುಗಿ ಬರುತ್ತಿತ್ತು. ನಿಲ್ಲಿಸಿದ. ನೀರು ಕುಡಿದ. ಲೋಟವನ್ನು ಮೇಜಿನ ಮೇಲಿಟ್ಟ.

"ಒಂದೇ ಒಂದು ಮಾತು ಕೇಳಬೇಕಾಗಿದೆ" ಎಂದ. "ನಮ್ಮ ತಾಯಿ ಚೊಂಬು ಹಿಡಿದು ಎಲ್ಲಿಗೆ ಹೋಗುತ್ತಾರೆ ಎಂದು ದೇಶಕ್ಕೆಲ್ಲ ಹೇಳುವ ಮುಂಚೆ, ನೀವು ಅವರನ್ನು ಕೇಳಿದಿರಾ? ನಿಮ್ಮ ತಾಯಿಯ ವಿಷಯವನ್ನು ಹೀಗೇ ಎದ್ದು ನಿಂತು ಹೇಳುತ್ತಿದ್ದಿರಾ?"

ಉಗ್ರಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಜಯದೇವಪ್ಪ ಮಂಡಿ ಹಿಡಿದು ಎದ್ದರು. ಹೊದೆಸಿದ್ದ ಶಾಲು ಜಾರಿತು, ಎತ್ತಿಕೊಳ್ಳಲಿಲ್ಲ. ಬಾಯಿ ತೆರೆದರು, ಹೆಂಗಸರ ಕಡೆ ಒಂದು ಸಲ ನೋಡಿದರು, ಮುಚ್ಚಿಕೊಂಡರು. ಆಮೇಲೆ ಎರಡೂ ಕೈ ಜೋಡಿಸಿ, ತಪ್ಪಾಗಿದ್ದರೆ ಕ್ಷಮಿಸಪ್ಪ ಎಂದು ತಲೆ ತಗ್ಗಿಸಿದರು. ಬಂತು! ಅವನು ಕಾದಿದ್ದ ಗಳಿಗೆ ಬಂತು. ನರೆತ ಆ ತಲೆ ಅವನ ಎದೆಯ ಮಟ್ಟಕ್ಕೆ ಬಗ್ಗಿತ್ತು, ನಡುವೆ ಬೋಳಾದ ಜಾಗದಲ್ಲಿ ಬೆವರಿತ್ತು. ಸಿದ್ಧಾರ್ಥನ ಮೈಯೆಲ್ಲ ಹಗುರಾಗಿ, ಬೆಲ್ಲ ಕಚ್ಚಿದ ಹಾಗೆ ಬಾಯಿ ಸಿಹಿಯಾಯಿತು. ಸುಮಿತ್ರಮ್ಮನ ಮಹಡಿ ಹೋದರೆ ಹೋಗಲಿ. ಅವ್ವ ನೋಡುತ್ತಿದ್ದಾಳೆ, ಅವಳ ಮಗ ಅವಳ ಮಾನ ವಾಪಸ್ಸು ತಂದದ್ದನ್ನು ಊರೇ ನೋಡುತ್ತಿದೆ. ಅವನು ಹೆಂಗಸರ ಕಡೆ ತಿರುಗಿದ.

ಅವ್ವನ ಕುರ್ಚಿ ಖಾಲಿಯಿತ್ತು. ಅವಳು ವೇದಿಕೆಯ ಮೆಟ್ಟಿಲ ಹತ್ತಿರ ಬಂದಿದ್ದಳು. ಬಾಯಲ್ಲಿದ್ದ ಎಲೆಯನ್ನು ಪಕ್ಕಕ್ಕೆ ಉಗಿದು, ಸೆರಗಿನಲ್ಲಿ ತುಟಿ ಒರೆಸಿಕೊಂಡು, ಯಾರ ಕೈಯನ್ನೂ ಹಿಡಿಯದೆ ಮೇಲೆ ಹತ್ತಿದಳು. ಹೊಲದ ಆ ಕಡೆಯವರನ್ನು ಕರೆಯುವ ದನಿಯಲ್ಲಿ ಜನರ ಕಡೆ ತಿರುಗಿ ಮಾತಾಡಿದಳು. ಆ ದನಿಗೆ ಮೈಕು ಬೇಕಿರಲಿಲ್ಲ.

"ಸಾಹೇಬ್ರೇ, ತಲೆ ಎತ್ತಿ. ನೀವ್ಯಾಕೆ ತಗ್ಗುಸ್ತೀರಿ. ಇವ್ರು ನಮ್ ಜಗುಲಿ ಮ್ಯಾಲೆ ಕುಂತು ಕೇಳುದ್ರು, ಹೆಸರು ಹೇಳ್ಳಾ ಲಕ್ಕಮ್ಮ ಅಂತ. ಹೇಳಿ ಅಂದೆ. ನನ್ ಮಗ ಅರಸೀಕೆರೆ ಕಾಲೇಜ್ನಾಗೆ ಮೇಷ್ಟ್ರು, ಅದನ್ನೂ ಸೇರ್ಸಿ ಹೇಳಿ ಅಂದೆ. ಅದು ಬ್ಯಾಡ ಕಣಮ್ಮ, ಮಗನಿಗೆ ನೋವಾಯ್ತದೆ ಅಂದ್ರು. ಅದನ್ನ ಬಿಟ್ರೆ ನನ್ನ ಹೆಸರೂ ಬ್ಯಾಡ ಅಂದೆ ನಾನು."

ಜಯದೇವಪ್ಪ ತಲೆ ಎತ್ತಲಿಲ್ಲ. ಬಿಡಿ ಲಕ್ಕಮ್ಮ, ಬಿಡಿ ಎಂದು ಮೆತ್ತಗೆ ಅನ್ನುತ್ತಿದ್ದರು. ಸಿದ್ಧಾರ್ಥನಿಗೆ ಅವ್ವನ ಮಾತು ಕೇಳಿಸಿತು, ಅರ್ಥವಾಗಲಿಲ್ಲ. ಅರ್ಥವಾಗಬಾರದೆಂದು ಅವನು ಎಲ್ಲೋ ಒಳಗೆ ಒದ್ದಾಡುತ್ತಿದ್ದ. ಯಾಕವ್ವಾ ಎಂದ. ಕೈಯಲ್ಲಿದ್ದ ಮೈಕನ್ನು ಎದೆಗೆ ಒತ್ತಿ ಹಿಡಿದಿದ್ದ. ಅವಳು ಹತ್ತಿರ ಬಂದಳು, ಚಿಕ್ಕಂದಿನಲ್ಲಿ ಜಗಲಿಯ ಮೇಲೆ ಕಿವಿ ಹಿಂಡಲು ಬಂದಷ್ಟು ಹತ್ತಿರ. ಸುಣ್ಣ ಎಲೆಯ ವಾಸನೆ ಮುಖಕ್ಕೆ ಬಡಿಯಿತು. ಅವಳು ಅವನೊಬ್ಬನಿಗೇ ಎನ್ನುವಂತೆ ದನಿ ತಗ್ಗಿಸಿದಳು. ಮೈಕು ಇಬ್ಬರ ನಡುವೆ ಇತ್ತು, ಅದನ್ನು ಯಾರೂ ಆರಿಸಿರಲಿಲ್ಲ.

"ನಲ್ಲಿ ನೀರು ಬೀಳ್ತಿತ್ತು, ಕೇಳ್ಸಿಲ್ಲ ಅಂದ್ಕಂಡ್ಯಾ? ಆಯಮ್ಮ ಕೇಳ್ದಾಗ ನಾನ್ಯಾರು ಅಂತ ನೀನು ಹೇಳ್ಲಿಲ್ಲ ಕಣಪ್ಪ. ಅದ್ಕೇ ದಿಲ್ಲೀಲಿ ಹೇಳುಸ್ದೆ."